ಭಾವನ ಹಾಯಿದೋಣಿಗೆ ಕೂರಿಸಿದ ಒಲೆ

...ಅಲ್ಲ ಭಾವ, ಇಪ್ಪತ್ತು ವರ್ಷದಿಂದ ದೋಣಿಗಳಿಗೆ ಗ್ಯಾಸ್ ಒಲೆ ಕೂರಿಸ್ತಿರೋನು ನಾನು. ನನ್ನ ಕೆಲಸದಲ್ಲಿ ತಪ್ಪಿತ್ತಾ ಅಂತ ನನ್ನೇ ಕೇಳ್ತೀರಾ? ಕೂತ್ಕೊಳ್ಳಿ. ಆ ಪೈಪು ಪಕ್ಕಕ್ಕೆ ತಳ್ಳಿ. ಬೇಡ್ವಾ? ಸರಿ, ನಿಂತೇ ಕೇಳಿ.

ಮೊದಲೇ ಬಡ್ಕೊಂಡೆ! ಹಾಯಿದೋಣಿ ಅಂದ್ರೆ ಮನೆಯಲ್ಲ. ಮನೇಲಿ ಸೋರಿದ್ದು ಬಾಗಿಲ ಸಂದಿಯಿಂದಾದ್ರೂ ಆಚೆ ಹೋಗುತ್ತೆ. ದೋಣಿ ಒಂದು ಬಟ್ಟಲು ಸ್ವಾಮಿ, ಬಟ್ಟಲು! ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ. ನೀರಿನ ಹಾಗೆ ಇಳಿದು ತಳದ ಹಲಗೆ ಕೆಳಗೆ ಕೂತಿರುತ್ತೆ. ಒಂದು ಕಿಡಿ ಸಾಕು. ಸ್ಪಿರಿಟ್ ಒಲೆ ಹಾಕಿಸಿ ಅಂದೆ. "ಒಂದು ಲೋಟ ಟೀಗೆ ಅರ್ಧ ಗಂಟೆ ಕಾಯಬೇಕು" ಅಂದ್ರಿ! ಸಿಎನ್‌ಜಿ ಆದ್ರೆ ಹಗುರ, ಸೋರಿದ್ರೂ ಮೇಲಕ್ಕೇ ಹೋಗುತ್ತೆ ಅಂದೆ. "ಅದನ್ನ ತುಂಬಿಸೋಕೆ ಯಾವ ಬಂದರಿಗೆ ಓಡಲಿ?" ಅಂದ್ರಿ. ಭಾರೀ ನಾವಿಕರು! ದಡ ಕಾಣೋಷ್ಟು ದೂರ ಎರಡು ಸುತ್ತು ಹೊಡೆದು ಬರೋರಿಗೆ ಬಿಳಿ ಟೋಪಿ ಬೇರೆ ಕೇಡು!

ಯಾಕೆ ಹಾಗೆ ನೋಡ್ತೀರಿ? ಸುಳ್ಳು ಹೇಳಿದ್ನಾ?

ಅಡುಗೆ ಮುಗಿದ ತಕ್ಷಣ ಸಿಲಿಂಡರಿನ ವಾಲ್ವ್ ಮುಚ್ಚಿ, ಮುಚ್ಚಿ ಅಂತ ಎಷ್ಟು ಸಲ ಹೇಳಿದ್ದೆ? ಅಷ್ಟೂ ಆಗ್ಲಿಲ್ಲ ನಿಮ್ಮ ಕೈಲಿ. ರಾತ್ರಿಯಿಡೀ ಸಿಲಿಂಡರಿನ ಬಾಯಿ ಹತ್ತಿರ ಸೋರಿ ತಳಕ್ಕೆ ಇಳಿದಿದೆ. ಬೆಳಿಗ್ಗೆ ಅಕ್ಕ ಲೈಟರ್ ಒತ್ತಿದ್ಲು... ಎರಡೂ ಕೈ, ಕುತ್ತಿಗೆ... ಥೂ! ಹೆಂಡತಿನ ಕರ್ಕೊಂಡು ಹೋಗೋ ಗಂಡಸಿಗೆ ಇಷ್ಟಾದ್ರೂ ಜವಾಬ್ದಾರಿ ಬೇಡ್ವಾ?

ಏನಂದ್ರಿ? ಮರೆತದ್ದು ಅವಳಾ? ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ ಅದನ್ನೇ ಹೇಳ್ತಿದಾಳಾ?

ಹಾಗಂತ ಅವಳನ್ನ ಅಂದ್ರೆ ನಾನು ಸುಮ್ಮನಿರಲ್ಲ! ಮರೆವು ಯಾರಿಗಿಲ್ಲ? ಯಾರೋ ಒಂದಿನ ಮರೀತಾರೆ ಅಂತಲೇ ಸಿಲಿಂಡರಿಗೆ ಬೇರೆ ಪೆಟ್ಟಿಗೆ ಮಾಡೋದು. ಅದರ ತಳದಿಂದ ದೋಣಿ ಆಚೆಗೆ ತೂತು ಕೊರೆಯೋದು. ಸೋರಿದ್ದೆಲ್ಲ ಸೀದಾ ಸಮುದ್ರಕ್ಕೆ...

...



ಪೆಟ್ಟಿಗೆ ಸುಟ್ಟು ಹೋಯ್ತಲ್ವಾ? ಅರ್ಧ ಉಳಿದಿದೆಯಾ? ಒಳಗೆ... ತಳಕ್ಕೆ ಕೈ ಹಾಕಿ ನೋಡಿದ್ರಾ?

ಬಯ್ರಿ! ಎರಡು ಏಟಾದ್ರೂ ಹಾಕಿ! ನೀವು ಅವತ್ತು ಅವಸರ ಮಾಡಿದ್ರಿ... ಇಲ್ಲ. ನೀವೇನೂ ಮಾಡ್ಲಿಲ್ಲ. ಡ್ರಿಲ್ಲು ಇಲ್ಲೇ ಅಂಗಡೀಲಿ ಬಿಟ್ಟು ಹೋಗಿದ್ದೆ. ಒಂದು ತೂತಿಗೋಸ್ಕರ ಮತ್ತೆ ಯಾರು ಬರ್ತಾರೆ ಅನ್ನಿಸ್ತು. ತೂತು ಕೊರೀದೇ ಬಣ್ಣ ಹೊಡೆದು ಮುಚ್ಚಳ ಹಾಕ್ದೆ. ಇವರಿಗೇನು ಗೊತ್ತಾಗುತ್ತೆ, ಟೋಪಿ ಹಾಕ್ಕೊಂಡು ಓಡಾಡೋರಿಗೆ... ಅಂದ್ಕೊಂಡೆ.

ಅಕ್ಕ ಅಳ್ತಾಳಾ? ತನ್ನಿಂದಲೇ ಆಯ್ತು ಅಂತಾನಾ?

ತಪ್ಪು ನನ್ನದು ಅಂತ ನೀವೇ ಹೇಳಿಬಿಡಿ ಭಾವ. ನೀವು ಹೇಳಿದ್ರೆ ಅವಳು...

ಹೇಳಲ್ವಾ?

ನಾನೇ ಹೇಳ್ಲಿ ಅಂತಾನಾ ನೀವು ಇಲ್ಲಿವರೆಗೆ ಬಂದದ್ದು...

ಇರಿ. ಕೈ ತೊಳ್ಕೊಂಡು ಬರ್ತೀನಿ. ಆಸ್ಪತ್ರೇಲಿ ಎಷ್ಟು ಗಂಟೆವರೆಗೆ ಒಳಗೆ ಬಿಡ್ತಾರೆ?