ಹತ್ತಿ ಕಚ್ಚಿಕೊಂಡ ಅರ್ಧ ಗಂಟೆ

ಯನ… ಯನಮ… ಥೂ, ಏನೇ ಅದು? ಹಲ್ಲಿನ ಮೇಲೆ ಬೆಳ್ಳಗೆ ಹೊದಿಕೆ ಥರ ಇರುತ್ತೆ, ಮೂಳೆಗಿಂತಲೂ ಗಟ್ಟಿ ಅಂದ್ರಲ್ಲ ಡಾಕ್ಟ್ರು… ಯನಮಲ! ಅಲ್ವಾ? ಅಯ್ಯಯ್ಯೋ, ನಗಬೇಡ ಕಣೇ, ಹತ್ತಿ ಬಿದ್ದುಹೋಗುತ್ತೆ! ಕಚ್ಕೋ. ಗಟ್ಟಿಯಾಗಿ ಕಚ್ಕೋ ಮಿತ್ರಮ್ಮ. ಈಗಷ್ಟೇ ಹಲ್ಲು ಕಿತ್ತಿದ್ದಾರೆ, ಗಾಯ ಇನ್ನೂ ಹಸಿ. ಅರ್ಧ ಗಂಟೆ ಬಾಯಿ ತೆಗೀಬಾರದು, ಮಾತಾಡಬಾರದು, ಉಗೀಬಾರದು ಅಂತ ಆ ನರ್ಸಮ್ಮ ಹೇಳಿ ಹೋಗಿ ಐದು ನಿಮಿಷ ಆಗಿಲ್ಲ… ಏನು, ಗೋಡೆ ಮೇಲಿನ ಪಟ ತೋರಿಸ್ತಿದ್ದೀಯ? ತಡಿ, ಕನ್ನಡಕ… ಎ… ನಾ… ಎನಾಮಲ್! ಹಾಂ. ಅದೇ ನಾನು ಹೇಳಿದ್ದು.

ಎನಾಮಲ್ ನನಗೆ ಗೊತ್ತಿಲ್ವಾ? ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಹತ್ತಿರ ಒಂದು ಬಿಳೀ ಎನಾಮಲ್ ತಟ್ಟೆ ಇತ್ತು, ನೀಲಿ ಅಂಚಿಂದು. ಬಂದ ವಾರದಲ್ಲೇ ಎತ್ತಿಹಾಕ್ಬಿಟ್ಟೆ. ಅಂಚಲ್ಲಿ ಇಷ್ಟೇ ಇಷ್ಟು ಚೂರು ಎದ್ದುಬಂತು. ಅಲ್ಲಿಂದ ತುಕ್ಕು ಒಳಗೊಳಗೇ ತಿಂತಾ ಹೋಗಿ ಎರಡು ವರ್ಷಕ್ಕೆ ತಟ್ಟೆ ತಳದಲ್ಲಿ ಸೂರ್ಯ ಕಾಣಿಸ್ದ. "ನೋರು ಮೂಸ್ಕೊನಿ ಪನಿ ಚೂಡು" ಅಂತ ಬೈದಳು ಅತ್ತೆ, ಬಾಯಿ ಮುಚ್ಕೊಂಡು ಕೆಲಸ ನೋಡು ಅಂತ. ಕೊಳ್ಳೇಗಾಲದ ಆಚೆಯಿಂದ ಬಂದ ಹುಡುಗಿ ನಾನು. ತೆಲುಗು ಬೈಗುಳ ಮೊದಲು ಬಂತು, ತೆಲುಗು ಆಮೇಲೆ ಬಂತು.

ಜೊಲ್ಲು ಒರೆಸ್ಕೋ. ಇಕೋ ಸೆರಗು.

ನಿಮ್ಮಮ್ಮ ಎಲ್ಲಿ ಅಂತ ನೋಡ್ತಿದ್ದೀಯ? ಮೆಡಿಕಲ್ ಶಾಪಿಗೆ ಹೋಗಿದ್ದಾಳೆ, ನೋವಿನ ಮಾತ್ರೆ ತರಕ್ಕೆ. ಬರ್ತಾಳೆ. ಅಬ್ಬಾ, ಈ ವಾಸನೆ ನೋಡು, ಕೆಳಗೆ ಬೇಕರೀಲಿ ಈಗ ತಾನೇ ಏನೋ ತೆಗೆದ ಹಾಗಿದೆ. ಇಡೀ ಚಿಕ್ಕಬಳ್ಳಾಪುರದಲ್ಲಿ ಈ ಡಾಕ್ಟ್ರಿಗೆ ಬೇಕರಿ ಮಹಡೀನೇ ಬೇಕಿತ್ತಾ? ಕೆಳಗಿನವನು ಹಲ್ಲು ಹಾಳು ಮಾಡಿ ಮೇಲಕ್ಕೆ ಕಳಿಸ್ತಾನೆ, ಮೇಲಿನವರು ಕಿತ್ತು ಕೆಳಕ್ಕೆ ಕಳಿಸ್ತಾರೆ. ಭಾವ ಭಾಮೈದ ಇರಬೇಕು ಇಬ್ಬರೂ! ಶ್ಶ್… ನಗಬೇಡ ಅಂದ್ನಲ್ಲ.

ಹಾಂ, ನಿಮ್ಮಮ್ಮ. ಮೆಟ್ಟಿಲು ಹತ್ತುವಾಗ ಹೇಳಿದ್ದು ಕೇಳಿಸ್ಕೊಂಡ್ಯಲ್ಲ? ಇವತ್ತು ಸಾಯಂಕಾಲ ಮನೆಗೆ ಹೋದ ತಕ್ಷಣ ವರಲಕ್ಷ್ಮಿಗೆ ನಾಳೆಯಿಂದ ಬರಬೇಡ ಅಂತ ಹೇಳ್ತಾಳಂತೆ. ಕವಿತ ಹೇಳಿದ್ರೆ ಮುಗೀತು, ಗೌರಿಬಿದನೂರಿನ ಸ್ಕೂಲಲ್ಲಿ ಅರವತ್ತು ಮಕ್ಕಳನ್ನ ಕಣ್ಣಲ್ಲೇ ಕೂರಿಸೋ ಟೀಚರು ಅವಳು. ಹೋಗ್ಲಿ ಬಿಡು. ಬೇರೆ ಯಾರಾದ್ರೂ ಸಿಗ್ತಾರೆ ನಿನ್ನ ತಮ್ಮನ್ನ ನೋಡ್ಕೊಳ್ಳಕ್ಕೆ… ಯಾಕಮ್ಮ, ಕಣ್ಣಲ್ಲಿ ನೀರು? ಹಲ್ಲು ನೋವಾ? ಅಲ್ವಾ? ವರಲಕ್ಷ್ಮಿಗಾ? ಅಯ್ಯೋ ಹುಚ್ಚಿ. ಹೂಂ, ಒಂಬತ್ತು ವರ್ಷದಿಂದ ನಮ್ಮನೆಗೇ ಬರ್ತಿದ್ದಾಳೆ, ಸರಿ. ಮೊದಲು ನಿನ್ನನ್ನ ಎತ್ಕೊಂಡ್ಳು, ಈಗ ಜಗನ್‌ನ ಎತ್ಕೊಂಡಿದ್ದಾಳೆ. ಅದಕ್ಕೆ ನಾನೇನು ಮಾಡಲಿ?

ಬೇರೆ ಮಾತಾಡಣ.

ಡಾಕ್ಟ್ರು ಮೋಹನ್‌ಬಾಬು ಮಂಗಳವಾರ ಅಷ್ಟು ಹೊತ್ತು ಹೇಳಿದ್ರಲ್ಲ, ಬ್ಯಾಕ್ಟೀರಿಯಾ, ಆಸಿಡ್ಡು ಅಂತ, ನಿಮ್ಮಮ್ಮ ತಲೆ ಆಡಿಸಿದ್ದೇ ಆಡಿಸಿದ್ದು. ನಿಜವಾಗಿ ಅರ್ಥ ಆಗಿದ್ದು ನನಗೆ. ಹುಬ್ಬು ಯಾಕೆ ಮೇಲಕ್ಕೆ ಹೋಯ್ತು? ಶಿಡ್ಲಘಟ್ಟದ ಪಕ್ಕದ ಹಳ್ಳೀಲಿ ಮೂವತ್ತೈದು ವರ್ಷ ರೇಷ್ಮೆ ಹುಳ ಸಾಕಿದೋಳು ನಾನು. ಹುಳ ಅಂದ್ರೆ ಏನು? ಮುಂದೊಂದು ತೂತು, ಹಿಂದೊಂದು ತೂತು. ಸೊಪ್ಪು ಹಾಕಿದ್ರೆ ತಿನ್ನುತ್ತೆ, ತಿಂದಷ್ಟೂ ಹಿಕ್ಕೆ ಹಾಕುತ್ತೆ. ಬಾಯಲ್ಲಿರೋವೂ ಅದೇ ಕಸುಬಿನವು, ಕಣ್ಣಿಗೆ ಕಾಣಲ್ಲ ಅಷ್ಟೇ. ಇವಕ್ಕೆ ಸೊಪ್ಪು ಬೇಡ, ಸಕ್ಕರೆ ಬೇಕು. ಹಲ್ಲಿಗೆ ಲೋಳೆ ಥರ ಅಂಟ್ಕೊಂಡು, ಸಕ್ಕರೆ ತಿಂದು, ಕೂತಲ್ಲೇ ಹುಳಿ ಹುಳಿ ಉಚ್ಚೆ ಹೊಯ್ಯುತ್ವೆ. ಈಗ ಮೂಗು ಮುಚ್ಕೊಂಡ್ರೆ? ನಿನ್ನ ಬಾಯೊಳಗೇ ಇದ್ದಾವೆ ಕಣೇ! ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹಿತ್ತಾಳೆ ಚೊಂಬಿನ ಕಿಲುಬು ಕರಗಲ್ವಾ, ಹಾಗೆ ಆ ಹುಳಿಗೆ ಎನಾಮಲ್ ಕರಗುತ್ತೆ. ಚೊಂಬು ಹೊಳೆಯುತ್ತೆ. ಹಲ್ಲು ತೂತು ಬೀಳುತ್ತೆ.

ನನ್ನ ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕ್ತಿದ್ದೆ. ನಿನ್ನ ಹುಳಕ್ಕೆ ನೀನು ಎಷ್ಟು ಸಲ ಹಾಕ್ತಿದ್ದೆ? ಬೆರಳು ತೋರಿಸು. ಮೂರಾ? ಸುಳ್ಳಿ! ಸ್ಕೂಲ್ ಬಸ್ಸಲ್ಲಿ ಚೀಪೋ ಚಾಕಲೇಟು? ಹೋಂವರ್ಕ್ ಮಾಡ್ತಾ ನೆನಪಾದಾಗೆಲ್ಲ ತಿನ್ನೋ ಬಿಸ್ಕತ್ತು? ಮಲಗೋ ಮುಂಚೆ ಎರಡು ಚಮಚ ಸಕ್ಕರೆ ಹಾಕಿದ ಹಾಲು?… ಹಾಲಿಗೆ ಸಕ್ಕರೆ ಹಾಕಿದ್ದು ನಾನೇ. ಹೌದು. ಹಾಗೆ ಬೆರಳು ಮಾಡಿ ತೋರಿಸಬೇಡ ದೊಡ್ಡೋರನ್ನ.

ಇನ್ನು ಎಂಜಲು. ಡಾಕ್ಟ್ರು ಅದಕ್ಕೆ ಲಾಲಾರಸ ಅಂದ್ರು! ಜೊಲ್ಲಿಗೆ ಅಷ್ಟು ಚೆಂದದ ಹೆಸರಿದೆ ಅಂತ ಎಪ್ಪತ್ತೊಂದು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಆದರೆ ಬಾಯಿಯ ಕಸ ಗುಡಿಸೋಳು ಅವಳೇ ನೋಡು. ನೀನು ತಿಂದು ಎದ್ದಮೇಲೆ ಹುಳಿ ತೊಳೀತಾಳೆ. ಕರಗಿದ ಜಾಗಕ್ಕೆ ಸುಣ್ಣ ಮೆತ್ತಿ ಗಾರೆ ಕೆಲಸಾನೂ ಮಾಡ್ತಾಳಂತೆ. ಅದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ನೀನು ಹತ್ತು ನಿಮಿಷಕ್ಕೊಂದು ಸಲ ಚೀಪ್ತಾ ಕೂತ್ರೆ ಅವಳೇನು ಮಾಡ್ತಾಳೆ? ಮದುವೆ ಮನೇಲಿ ಒಂದು ಪಂಕ್ತಿ ಎದ್ದಿಲ್ಲ, ಇನ್ನೊಂದು ಪಂಕ್ತಿ ಬಂದು ಕೂತ ಹಾಗೆ. ಎಲೆ ಎತ್ತಕ್ಕೂ ಪುರುಸೊತ್ತಿಲ್ಲ. ಮಲಗಿದಾಗಂತೂ ಬಾಯಿ ಒಣಗುತ್ತೆ, ಅವಳಿಗೂ ರಜೆ. ಹುಳಗಳದ್ದೇ ದರ್ಬಾರು. ಒಂದು ಸಲ ತೂತು ಬಿತ್ತೋ, ಮುಗೀತು. ಚರ್ಮ ಹರಿದ್ರೆ ಕೂಡುತ್ತೆ, ಮೂಳೆ ಮುರಿದ್ರೆ ಕೂಡುತ್ತೆ. ಎನಾಮಲ್ ಮಾತ್ರ ಮತ್ತೆ ಹುಟ್ಟಲ್ಲ.

ಇವತ್ತು ಕಿತ್ತಿದ್ದು ಹಾಲುಹಲ್ಲು, ಹೋದ್ರೆ ಹೋಗ್ಲಿ. ಅದರ ಹಿಂದಿಂದು ನೀನು ಮುದುಕಿ ಆಗೋವರೆಗೂ ಇರಬೇಕಾದ ಹಲ್ಲು. ಅದರಲ್ಲೂ ಕಪ್ಪು ಚುಕ್ಕೆ ಇದೆ ಅಂದ್ರಲ್ಲ, ಅದು ನನಗೆ ನಿದ್ದೆ ಕೆಡಿಸಿದೆ.

ಏನು? ಗಡಿಯಾರನಾ? ಇನ್ನೂ ಹದಿನೈದು ನಿಮಿಷ. ನುಂಗು, ಉಗೀಬೇಡ.

ಆದರೆ ಮಿತ್ರಮ್ಮ, ನನಗೆ ಆಶ್ಚರ್ಯ ಆಗಿದ್ದು ಯಾವುದು ಗೊತ್ತಾ? ಹುಟ್ಟಿದ ಮಗು ಬಾಯಲ್ಲಿ ಹಲ್ಲು ತಿನ್ನೋ ಆ ಹುಳ ಇರಲ್ವಂತೆ! ಯಾರದೋ ಬಾಯಿಂದ ಬರಬೇಕಂತೆ. ಅವರು ಚೀಪಿದ ಚಮಚ, ಅವರು ಅಗಿದು ಕೊಟ್ಟ ತುತ್ತು, ಅದರ ಎಂಜಲಲ್ಲಿ ಸವಾರಿ ಮಾಡ್ಕೊಂಡು ಬರುತ್ತಂತೆ. ಹುಳ ಬಂದ ಮಾತ್ರಕ್ಕೆ ಹಲ್ಲು ಹೋಗಲ್ಲ, ಸಕ್ಕರೆ ಹಾಕಿ ಸಾಕಬೇಕು, ಅದನ್ನೂ ಹೇಳಿದ್ರು ಡಾಕ್ಟ್ರು. ಆಮೇಲೆ ಪೆನ್ನು ಹಿಡ್ಕೊಂಡು ಕೇಳಿದ್ರು, "ಚಿಕ್ಕಂದಿನಲ್ಲಿ ಈ ಮಗೂಗೆ ಯಾರಾದ್ರೂ ಅಗಿದು ತಿನ್ನಿಸ್ತಿದ್ರಾ?" ಅಂತ.

ನಿಮ್ಮಮ್ಮ ನನ್ನ ಮುಖ ನೋಡಿದ್ಳು. ನಾನು ಫ್ಯಾನ್ ನೋಡಿದೆ.

ಏನೂ ಹೇಳಲಿಲ್ಲ ನಾನು. ವರಲಕ್ಷ್ಮಿ ಹೆಸರು ನಾನು ಎತ್ತಲೇ ಇಲ್ಲ. ಬುದ್ಧನಾಣೆ… ಯಾಕೆ ಹಾಗೆ ಕತ್ತು ಅಲ್ಲಾಡಿಸ್ತೀಯ? ನೀನು ಅವತ್ತು ಆ ಕುರ್ಚೀಲಿ ಬಾಯಿ ತೆಗೆದು ಮಲಗಿದ್ದೆ, ನಿನಗೇನು ಗೊತ್ತು?… ಕಿವೀನೂ ತೆಗೆದಿತ್ತು ಅಂತೀಯ. ಸರಿ. "ವರಲಕ್ಷ್ಮಿ ಮಡಿಲಲ್ಲೇ ಬೆಳೆದಿದ್ದು ಮಗು" ಅಂದೆ. ಅಷ್ಟೇ ಅಂದಿದ್ದು! ಸುಳ್ಳಾ ಅದು? ಅವಳ ಮಡಿಲಲ್ಲೇ ತಾನೇ ಬೆಳೆದಿದ್ದು ನೀನು? ಭಾನುವಾರ ವಿಹಾರದಲ್ಲಿ ಪಂಚಶೀಲ ಹೇಳ್ತೀವಲ್ಲ, ಸುಳ್ಳು ಆಡಲ್ಲ ಅಂತ ತಾನೇ ಇರೋದು? ಫ್ಯಾನ್ ನೋಡಲ್ಲ ಅಂತ ಎಲ್ಲಾದ್ರೂ ಇದ್ಯಾ? ನಿಮ್ಮಪ್ಪ ವೇಣು ನಿನಗೆ ಸಂಘಮಿತ್ರ ಅಂತ ಹೆಸರಿಟ್ಟಾಗಲೇ ಅಂದುಕೊಂಡೆ, ಈ ಹುಡುಗಿ ಮುಂದೆ ನನಗೆ ಉಳಿಗಾಲ ಇಲ್ಲ ಅಂತ.

…ಬಾಮ್ಮ ನರ್ಸಮ್ಮ. ಹೂಂ, ಆಯ್ತು ಅನ್ಸುತ್ತೆ ಅರ್ಧ ಗಂಟೆ. ತೆಗೆದು ನೋಡು… ರಕ್ತ ನಿಂತಿದ್ಯಾ? ಬಂಗಾರ ನೀನು. ಇನ್ನು ಮಾತಾಡಬಹುದಾ ಇವಳು? ಸರಿ ಕಣಮ್ಮ.

ಕೇಳಿಸ್ತಾ? ಮಾತಾಡಬಹುದಂತೆ. ಮಾತಾಡು.

ಏನಾದ್ರೂ ಅನ್ನು. ಅಜ್ಜೀ ಅನ್ನು.

ಇಂಜೆಕ್ಷನ್ ಇನ್ನೂ ಇಳಿದಿಲ್ಲ ಅನ್ಸುತ್ತೆ, ತುಟಿ ಮರಗಟ್ಟಿರುತ್ತೆ. ಅದಕ್ಕೇ… ಅಲ್ವಾ? ಹಾಗಾದ್ರೆ ಯಾಕೆ ಸುಮ್ಮನೆ ಕೂತಿದ್ದೀಯ? ಹಾಗೆ ನೋಡಬೇಡ ಮಿತ್ರಮ್ಮ. ನಿಮ್ಮಮ್ಮನ ಕಣ್ಣು ಅದು, ಅರವತ್ತು ಮಕ್ಕಳನ್ನ ಕೂರಿಸೋ ಕಣ್ಣು.

ನಾನೇ. ಆಯ್ತಾ? ನಾನೇ ಅಗಿದು ಕೊಟ್ಟಿದ್ದು.

ಎಣ್ಣೆ ಸ್ನಾನ, ತೊಟ್ಟಿಲು, ಬಟ್ಟೆ, ಎಲ್ಲ ವರಲಕ್ಷ್ಮಿ. ನಿಮ್ಮಮ್ಮ ಸ್ಕೂಲಿಗೆ ಹೋದಮೇಲೆ ತಿನ್ನಿಸೋದು ಮಾತ್ರ ನಾನು, ಆ ಕೆಲಸ ಯಾರಿಗೂ ಬಿಟ್ಟುಕೊಡ್ತಿರಲಿಲ್ಲ. ಅವಳು ಹೇಳಿದ್ಳು ಕಣೇ, "ಬೇಡ ಆಂಜಿನಮ್ಮಾ, ಮಿಕ್ಸೀಲಿ ಹಾಕಿ ಕೊಡ್ತೀನಿ" ಅಂತ. ಮಿಕ್ಸಿಗೇನು ಗೊತ್ತು ಮಗೂ ಗಂಟಲು ಎಷ್ಟಿದೆ ಅಂತ? ನಮ್ಮೂರಲ್ಲಿ ಎಲ್ಲ ಅಮ್ಮಂದಿರೂ ಹಾಗೇ ಮಾಡ್ತಿದ್ರು. ನಮ್ಮಮ್ಮ ಕಡಲೇಬೀಜ ಬೆಲ್ಲ ಅಗಿದು, ತುಪ್ಪದ ಹಾಗೆ ಮಾಡಿ, ಬೆರಳ ತುದೀಲಿ ನನ್ನ ನಾಲಿಗೆಗೆ ಇಡ್ತಿದ್ಳು. ನನ್ನ ತಮ್ಮನಿಗೆ ಇಡೋದನ್ನ ಕಣ್ಣಾರೆ ನೋಡಿದ್ದೀನಿ. ಆ ಊರು ಬಿಟ್ಟು ಐವತ್ತೈದು ವರ್ಷ ಆಯ್ತು. ಭಾಷೆ ಬದಲಾಯ್ತು, ಸೀರೆ ಉಡೋದು ಬದಲಾಯ್ತು, ಸಾರಿನ ರುಚಿ ಬದಲಾಯ್ತು. ಅಲ್ಲಿಂದ ತಂದಿದ್ದರಲ್ಲಿ ನನ್ನ ಹತ್ತಿರ ಉಳಿದಿದ್ದು ಇದೊಂದೇ. ಅದರ ಜೊತೆ ಹುಳಾನೂ ತಂದಿದ್ದೀನಿ ಅಂತ ಯಾರಿಗೆ ಗೊತ್ತಿತ್ತು? ನಮ್ಮಮ್ಮ ಸತ್ತು ಮೂವತ್ತು ವರ್ಷ. ಅವಳ ಹುಳ ನಿನ್ನ ಬಾಯಲ್ಲಿ ಕೂತ್ಕೊಂಡು ಬಿಸ್ಕತ್ತು ತಿಂತಿದೆ ನೋಡು! ಆಸ್ತಿ ಕಣೇ, ನಾಲ್ಕು ತಲೆಮಾರಿನ ಆಸ್ತಿ…

ನಗು ಬರಲಿಲ್ವಾ? ನನಗೂ ಬರಲಿಲ್ಲ.

ಹೇಳಿಬಿಡಬಹುದಿತ್ತು, ನಿಜ. ಮಂಗಳವಾರವೇ ಹೇಳಬಹುದಿತ್ತು. ಹೇಳಿದ್ರೆ ನಿಮ್ಮಮ್ಮ ಜಗನ್‌ನ ನನ್ನ ಕೈಗೆ ಕೊಡ್ತಾಳಾ? ಮಂಡಿ ಹೋದ ಮುದುಕಿ ನಾನು. ನೀರು ತರಕ್ಕಾಗಲ್ಲ, ಬಟ್ಟೆ ಒಗೆಯಕ್ಕಾಗಲ್ಲ. ಆ ಮನೇಲಿ ನನ್ನಿಂದ ಆಗೋ ಕೆಲಸ ಅದೊಂದೇ. ನನ್ನ ಕೈಯಲ್ಲಿ ತುತ್ತು ನೋಡಿದ್ರೆ ಅವನು ಗುಬ್ಬಚ್ಚಿ ಮರಿ ಥರ ಬಾಯಿ ತೆಗೀತಾನೆ…

ವರಲಕ್ಷ್ಮಿಗೆ ಇನ್ನೂ ಗೊತ್ತಿಲ್ಲ, ಪಾಪ. ಈಗ ಅವನನ್ನ ಸೊಂಟದ ಮೇಲೆ ಇಟ್ಕೊಂಡು ಬಸ್ ತೋರಿಸ್ತಾ ಗೇಟ್ ಹತ್ತಿರ ನಿಂತಿರ್ತಾಳೆ.

ಮೆಟ್ಟಿಲ ಮೇಲೆ ಯಾರೋ… ನಿಮ್ಮಮ್ಮನ ಚಪ್ಪಲಿ ಸದ್ದಲ್ವಾ? ಅಲ್ಲ, ಬೇರೆ ಯಾರೋ. ಕೇಳು. ಮುಖ ನೋಡಿ ಹೇಳಕ್ಕೆ ನನ್ನ ಕೈಲಾಗಲ್ಲ. ಅವಳು ನೋಡಿದ ತಕ್ಷಣ ನಾನು ಮತ್ತೆ ಫ್ಯಾನ್ ನೋಡ್ತೀನಿ, ನನಗೆ ಗೊತ್ತು. ನರ್ಸಮ್ಮನ ಮೇಜಿನ ಮೇಲಿನ ಪೆನ್ನು ತಗೋ. ಡಾಕ್ಟ್ರ ಚೀಟಿ ಹಿಂದುಗಡೆ ಖಾಲಿ ಇದೆ. ನಾನು ಹೇಳ್ತೀನಿ, ನೀನು ಬರಿ. ದಪ್ಪ ಅಕ್ಷರದಲ್ಲಿ ಬರಿ.

'ಕವಿತಾ, ಮಕ್ಕಳಿಗೆ ಅಗಿದು ತಿನ್ನಿಸಿದ್ದು ವರಲಕ್ಷ್ಮಿ ಅಲ್ಲ.' ಬರೆದ್ಯಾ? 'ನಾನು.' ಹೂಂ. 'ಮಿತ್ರಂಗೂ ನಾನೇ, ಜಗನ್‌ಗೂ ನಾನೇ. ವರಲಕ್ಷ್ಮಿ ಬೇಡ ಅಂತಾನೇ ಹೇಳ್ತಿದ್ಳು. ಅವಳನ್ನ ಬಿಡಿಸಬೇಡ.' ಎಷ್ಟು ಚೆನ್ನಾಗಿ ಬರೀತೀಯೇ, ಮುತ್ತು ಪೋಣಿಸಿದ ಹಾಗೆ. ಇನ್ನೊಂದು ಸಾಲು. 'ಮಂಗಳವಾರ ಡಾಕ್ಟ್ರು ಹೇಳಿದ ಮೇಲೆ ನಾನು ಅದನ್ನ ಬಿಟ್ಟುಬಿಟ್ಟಿದ್ದೀನಿ.'

ಬರಿ.

ಯಾಕೆ ನಿಲ್ಲಿಸ್ದೆ? ಕೈ ನೋವಾ? ಬರಿಯಮ್ಮ, ನಿಮ್ಮಮ್ಮ ಬಂದುಬಿಡ್ತಾಳೆ. 'ಬಿಟ್ಟುಬಿಟ್ಟಿದ್ದೀನಿ…'

ಮಿತ್ರಮ್ಮ?

…ಅಡುಗೆಮನೆ ಬಾಗಿಲಲ್ಲಿ ನೀನು ನಿಂತಿದ್ದ್ಯಾ?

ಒಂದೇ ಒಂದು ತುತ್ತು ಕಣೇ. ಚಪಾತಿ ಚೂರು. ಅಳ್ತಿದ್ದ ಅವನು…

ಸರಿ. ಆ ಸಾಲು ಬೇಡ. 'ಇವತ್ತು ಬೆಳಿಗ್ಗೆ ಕೂಡ' ಅಂತ ಬರಿ.