ವಾಲ್ವಿಗೆ ಕಟ್ಟಿದ ತಂತಿ

ಇಲ್ಲ, ಕೂತ್ಕೋ. ನಿಂತ್ರೆ ನೀನು ಸಭಾಪಾಲಕ ಆಗ್ಬಿಡ್ತೀಯ, ಕೂತ್ರೆ ನನ್ನ ತಮ್ಮ. ನಾನು ಮಾತಾಡಬೇಕಿರೋದು ತಮ್ಮನ ಹತ್ರ. ಆ ಬುಟ್ಟಿ ಪಕ್ಕಕ್ಕಿಡು. ನಿನ್ನ ನಿಲುವಂಗೀನೇ ಇಸ್ತ್ರಿ ಮಾಡ್ತಿರೋದು, ಭಾನುವಾರಕ್ಕೆ ಬೇಕಲ್ಲ. ಕೈಗೆ ಕೆಲಸ ಇದ್ರೆ ನನ್ನ ಬಾಯಿ ನೆಟ್ಟಗೆ ಓಡುತ್ತೆ.

ಬಂದವನೇ ಏನಂದೆ? "ಅಕ್ಕಾ, ನಾಳೆ ವಿಚಾರಣೇಲಿ ನೆನಪಿಲ್ಲ ಅಂದ್ಬಿಡು." ನೆನಪಿಲ್ಲವಂತೆ... ಮದುವೆ ಆದಾಗಿನಿಂದ ಆ ಲಾಂಡ್ರೀಲಿ ಆಸ್ಪತ್ರೆ ಬಟ್ಟೆ ಇಸ್ತ್ರಿ ಮಾಡಿದೋಳು ನಾನು. ಬಾಯ್ಲರ್ ಸಿಡಿದ ದಿನ ಎರಡೇ ಗೋಡೆ ಈಚೆ ಇದ್ದೆ. ಬಾಯ್ಲರ್ ನೋಡ್ಕೊಳ್ತಿದ್ದೋನು, ನಾವೆಲ್ಲ ಬಾಯ್ಲರ್ ಅಣ್ಣ ಅಂತಿದ್ದೋನು, ಆ ಕಡೆ ಸತ್ತ, ನಾನು ಈ ಕಡೆ ಉಳಿದೆ. ಇದನ್ನ ಮರೀಬೇಕಾ?

ಮಾಲೀಕರು ಏನು ಹೇಳ್ಕೊಂಡು ತಿರುಗ್ತಿದಾರೆ, ನಿನಗೂ ಗೊತ್ತು. ಅವನು ಕುಡಿದಿದ್ದನಂತೆ. ನಿದ್ದೆ ಹೊಡೆದನಂತೆ, ಆವಿ ಏರಿದ್ದು ನೋಡ್ಲೇ ಇಲ್ಲವಂತೆ. ಸತ್ತೋನು ಎದ್ದು ಬಂದು ಕೇಳಲ್ವಲ್ಲ, ಗೂಬೆ ಕೂರಿಸೋಕೆ ಅದಕ್ಕಿಂತ ಒಳ್ಳೆ ತಲೆ ಎಲ್ಲಿ ಸಿಗುತ್ತೆ? ಬಾಯ್ಲರ್ ಅಣ್ಣ ಕುಡಿಯೋದಾ? ಪ್ರಭುಭೋಜನದ ದ್ರಾಕ್ಷಾರಸಕ್ಕೇ ಮುಖ ಹಿಂಡ್ತಿದ್ದ. ಬಟ್ಟಲು ಹಿಡಿದೋನು ನೀನು, ನೋಡಿಲ್ವಾ? ...ಯಾಕೆ ನಗ್ತೀಯ? ನೋಡಿದೀಯ ಅಂತ ಆಯ್ತು.

ಈಗ ಅವನ ಹೆಂಡತಿ ದೇವಾಲಯದಲ್ಲಿ ಕಡೇ ಬೆಂಚಲ್ಲಿ ಕೂರ್ತಾಳೆ. ಪಕ್ಕ ಯಾರೂ ಕೂರಲ್ಲ. ಕುಡುಕನ ಹೆಂಡತಿ. ಹೆಣ್ಣುಮಕ್ಕಳಿಗೆ ಶಾಲೇಲಿ ಕುಡುಕನ ಮಕ್ಕಳು ಅಂತ ಹೆಸರು. ನೀನು ಪ್ರಸಂಗಪೀಠದ ಮೇಲಿಂದ ನೋಡ್ತೀಯಲ್ಲ, ಆ ಬೆಂಚು ಕಾಣುತ್ತಾ?

ಇರು, ಹೇಳ್ತೀನಿ. ನೀನು ಒಳಗೆ ಕಾಲಿಟ್ಟೋನಲ್ಲ. ಬಾಯ್ಲರ್ ನೆತ್ತಿ ಮೇಲೆ ಒಂದು ವಾಲ್ವ್ ಇರುತ್ತೆ. ಒಳಗೆ ಆವಿ ಜಾಸ್ತಿ ಆದ್ರೆ ಅದು ತಾನೇ ಬಾಯಿಬಿಟ್ಟು ಹೊರಗೆ ಹಾಕುತ್ತೆ. ಆ ವಾರ ಆಸ್ಪತ್ರೆಯಿಂದ ಬೆಟ್ಟದಷ್ಟು ಬಟ್ಟೆ ಬಂತು. ವಾಲ್ವ್ ಪದೇ ಪದೇ ಬಾಯಿಬಿಡೋದು, ಆವಿ ಸಾಲದೆ ಯಂತ್ರ ಸೋತುಹೋಗೋದು. ಅದಕ್ಕೇ ಬಾಯಿಬಿಡದ ಹಾಗೆ ವಾಲ್ವಿಗೆ ತಂತಿ ಕಟ್ಟಿದ್ರು. ಬಾಯ್ಲರ್ ಅಣ್ಣ ಬಿಚ್ಚಿದ. ಮತ್ತೆ ಕಟ್ಟಿದ್ರು. "ಮನುಷ್ಯನ ಮೂಗೂ ಬಾಯೀನೂ ಒಟ್ಟಿಗೆ ಮುಚ್ಚಿದ ಹಾಗಾಯ್ತು ಕಣಮ್ಮ" ಅಂದ ನನ್ನ ಹತ್ರ. ಕೆಲಸ ಬಿಟ್ಟು ನಡಿಯಣ್ಣ ಅಂದೆ. "ನಾನು ಹೋದ್ರೆ ನಿಮ್ಮನ್ನೆಲ್ಲ ಕಾಯೋರು ಯಾರು" ಅಂದ.

ಆ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಮತ್ತೆ ಕಟ್ಟಿದ್ರು. ನಾನು ಬಟ್ಟೆ ಗಾಡಿ ತಳ್ಕೊಂಡು ಬಾಗಿಲ ಮುಂದೆ ಹೋಗ್ತಿದ್ದೆ, ಕಣ್ಣಾರೆ ಕಂಡೆ. ಗಾಡಿ ಅಲ್ಲೇ ಬಿಟ್ಟು ಓಡಿಹೋಗಿ ಅವನಿಗೆ ಹೇಳಿದೆ. ಬಾಯಲ್ಲಿದ್ದ ತುತ್ತು ಉಗಿದು ಎದ್ದ. "ಹುಡುಗೀರನ್ನೆಲ್ಲ ಅಂಗಳಕ್ಕೆ ಕರ್ಕೊಂಡು ಹೋಗು" ಅಂದ. ಅರ್ಧ ಜನ ಹೊರಗೆ ಬಂದಿದ್ವಿ ಅಷ್ಟೇ... ಅವನು ಏಣಿ ಮೇಲಿದ್ದ. ತಂತಿ ಬಿಚ್ತಾ ಇದ್ದ. ನಿದ್ದೆ ಹೊಡೆದನಂತೆ.

ದೇವರ ಎಂಟನೇ ಆಜ್ಞೆ ಎತ್ತಿದೆಯಲ್ಲ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ. ನೆರೆಯವನ ಹೆಸರು ಕೆಡಿಸಬೇಡ, ಅವನು ಮಾಡಿದ್ದಕ್ಕೆ ಆದಷ್ಟೂ ಒಳ್ಳೆ ಅರ್ಥ ಕೊಡು ಅಂತ. ಅದನ್ನ ನಿನಗೆ ಬಾಯಿಪಾಠ ಮಾಡಿಸಿದೋಳು ನಾನು ಕಣೋ. ನೀನು ಮೂಗು ಸುರಿಸ್ಕೊಂಡು ಅಡುಗೆಮನೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ನನಗೇ ತಿರುಗಿಸಿ ಹೇಳ್ತೀಯಾ? ನೆರೆಯವ ಅಂದ್ರೆ ಮೊದಲ ಬೆಂಚಲ್ಲಿ ಕೂರೋ ಮಾಲೀಕರು ಮಾತ್ರಾನಾ? ಮಣ್ಣಲ್ಲಿ ಮಲಗಿರೋನು ಯಾರು ಹಾಗಾದ್ರೆ?

ಗೊತ್ತು, ದೇವಾಲಯದ ಹೆಂಚಿನ ಮಾಡು ಹಾಕಿಸಿದ್ದು ಅವರೇ. ಮಾಡು ಹೋದ್ರೆ ಬಯಲಲ್ಲಿ ನಿಂತು ಹಾಡೋಣ. ನಾವು ಲೂಥರನ್ನರು, ದೀಕ್ಷಾಸ್ನಾನ ಆದೋರೆಲ್ಲ ಯಾಜಕರೇ ಅಂತ ಸಾರಿದ್ದು ನೀನು. ಸಾಕ್ಷಿ ಅನ್ನೋದು ದೇವಾಲಯದ ಬಾಗಿಲು ದಾಟಿದ ಮೇಲೇ ಶುರು, ಕೆಲಸದ ಜಾಗದಲ್ಲಿ, ಬೀದೀಲಿ, ಇನ್ನೊಬ್ಬನಿಗೆ ಅದು ಬೇಕಾದ ಕಡೆ ಅಂದಿದ್ದೂ ನೀನೇ. ನಾನು ನಂಬಿದೆ. ಈಗ ಇಸ್ತ್ರಿ ಮಾಡೋಳು ನಿಜವಾಗ್ಲೂ ಬಾಯಿ ತೆಗೀತೀನಿ ಅಂದ ಕೂಡ್ಲೇ ಸಭಾಪಾಲಕರಿಗೆ ಎದೆ ಹೊಡ್ಕೊಳ್ತಿದೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನನ್ನಿಂದ ಆಗಲ್ಲ.

ಆ ತೋಳು ಸ್ವಲ್ಪ ಎಳೆದು ಹಿಡಿ. ಇಸ್ತ್ರಿಪೆಟ್ಟಿಗೆ ಭಾರ.

ಕೆಲಸ ಹೋಗುತ್ತೆ, ಹೋಗಲಿ. ಮಗನೂ ಅಲ್ಲೇ ಸೂಪರ್‌ವೈಸರ್, ಅವನದ್ದೂ ಹೋಗುತ್ತೆ. ಅವನ ವಿಷಯ ಈಗ ಬೇಡ. ಮೊದಲೇ ಮನೇಲಿ ನಿಲ್ತಿಲ್ಲ, ತಟ್ಟೆ ಮುಂದೆ ಕೂತ್ರೂ ತಲೆ ಎತ್ತಲ್ಲ... ಬೇಡ ಅಂದ್ನಲ್ಲ.

ಯಾಕೆ ನೆಲ ನೋಡ್ತೀಯ? ಏನಾದ್ರೂ ಕೇಳು. ಪೊಲೀಸಿನವರು ಕೇಳಿದ್ರು, ವಕೀಲರು ಕೇಳಿದ್ರು, ಪಕ್ಕದ ಮನೆಯೋಳೂ ಕೇಳಿದ್ಲು. ಎಲ್ಲರದ್ದೂ ಒಂದೇ ಪ್ರಶ್ನೆ, ತಂತಿ ಕಟ್ಟಿದ್ದು ಯಾರು ಅಂತ. ವಿಚಾರಣೇಲೇ ಹೇಳ್ತೀನಿ ಅಂತ ಸಾಗಹಾಕಿದೆ. ನಿನಗೂ ಆಗಿನಿಂದ "ಕಟ್ಟಿದ್ರು, ಕಟ್ಟಿದ್ರು" ಅಂತಾನೇ ಇದೀನಿ. ನೀನು ಒಂದು ಸಲಾನೂ ಕೇಳಲಿಲ್ಲ...

ನಿನಗೆ ಗೊತ್ತು.

ನಿನ್ನ ಹತ್ರ ಬಂದಿದ್ನಾ? ಪಾಪನಿವೇದನೆಗೆ ಬಂದಿದ್ನಾ ನನ್ನ ಮಗ?

...ಹೇಳಬೇಡ. ಅಲ್ಲಿ ಕೇಳಿದ್ದನ್ನ ನೀನು ಸಾಯೋವರೆಗೂ ಹೊರಗೆ ಹಾಕೋ ಹಾಗಿಲ್ಲ. ಹೂಂ ಅನ್ನೋ ಹಾಗಿಲ್ಲ, ಉಹೂಂ ಅನ್ನೋ ಹಾಗೂ ಇಲ್ಲ. ಹಾಗಾದ್ರೆ ನೀನು ಮಾಲೀಕರಿಗೋಸ್ಕರ ಬಂದೋನಲ್ಲ. ನಾನು ಸುಮ್ಮನೆ ನಿನ್ನ ಮೇಲೆ ಹರಿಹಾಯ್ದೆ.

ಅತ್ತನಾ? ...ಅದನ್ನೂ ಹೇಳೋ ಹಾಗಿಲ್ಲ ಅಲ್ವಾ. ನನ್ನೆದುರಿಗೆ ಅಳಲಿಲ್ಲ ಕಣೋ. ಆವತ್ತು ಏಣಿ ಇಳಿದು, ಇಕ್ಕಳ ಜೇಬಿಗೆ ಹಾಕ್ಕೊಂಡು, ಬಾಗಿಲಲ್ಲಿ ನನ್ನ ನೋಡ್ದ. "ಅಮ್ಮಾ, ಸಂಜೆವರೆಗೆ ಅಷ್ಟೇ" ಅಂದ. ಕಟ್ಟು ಅಂದ ಬಾಯಿ ಮಾಲೀಕರದ್ದು, ಅದನ್ನೂ ಬಿಡಲ್ಲ ನಾನು. ಆದ್ರೆ ಕಟ್ಟಿದ ಕೈ ನಾನು ಹೆತ್ತಿದ್ದು.

ನೀನು ಅವನಿಗೆ ಕ್ಷಮೆ ಸಾರಿರ್ತೀಯ. ಒಳ್ಳೇದೇ ಆಯ್ತು, ಅವನಿಗೆ ಬೇಕಿತ್ತು. ದೇವರು ಕ್ಷಮಿಸಿದ್ರೂ ಆ ಹೆಣ್ಣುಮಕ್ಕಳು ಶಾಲೇಲಿ ಕುಡುಕನ ಮಕ್ಕಳೇ ಆಗಿದಾರಲ್ಲ, ಅದಕ್ಕೇನು ಮಾಡ್ತೀಯ?

ಏಳು. ಅವನೆಲ್ಲಿದಾನೆ ಅಂತ ನಿನಗೆ ಗೊತ್ತಿರುತ್ತೆ, ಹೋಗು. ನನಗೆ ಏನೂ ಹೇಳಬೇಡ, ಅವನಿಗೆ ಹೇಳು. ನಾಳೆ ಮೊದಲು ಮಾಲೀಕರನ್ನ ಕರೀತಾರೆ, ಆಮೇಲೆ ನನ್ನನ್ನ. ಅಷ್ಟರೊಳಗೆ ಅವನೇ ಎದ್ದು ಹೇಳಿದ್ರೆ ನಾನು ಹೋಗಿ ಅವನ ಪಕ್ಕ ನಿಲ್ತೀನಿ. ಜೈಲಿನ ಬಾಗಿಲವರೆಗೂ ಕೈ ಹಿಡ್ಕೊಂಡು ನಡೀತೀನಿ, ಊರೆಲ್ಲ ನೋಡಲಿ.

ಅವನು ಏಳದೇ ಹೋದ್ರೆ, ನನ್ನ ಹೆಸರು ಕರೆದಾಗ ನಾನು ಅವನ ಹೆಸರು ಹೇಳ್ತೀನಿ.