ತಿರುಗಣಿಗೆ ಕಟ್ಟಿದ ಗಳ

ಇದು ನನ್ನ ಚಿಕ್ಕಪ್ಪನ ಮಗಳು ಶಾರವ್ವನ ಮನೆಯಲ್ಲಿ ನಡೆದದ್ದು. ಇಸವಿ ಎಪ್ಪತ್ತೆಂಟು. ಹುನಗುಂದದ ಸಂತೆ ಮುಗಿಸಿ ಅವಳೂ ಅವಳ ಗಂಡ ಅಂದಪ್ಪನೂ ಕತ್ತಲಲ್ಲಿ ಊರಿಗೆ ನಡೆದು ಬರುತ್ತಿದ್ದರು. ಎರಡು ಸಲ ಕಳೆದುಕೊಂಡ ಮೇಲೆ ನಿಂತ ಬಸಿರು ಅವಳದು. ಪಾದಗಳು ಬಾತು, ಕಾಲುಂಗುರಗಳನ್ನು ತೆಗೆದಿಟ್ಟಿದ್ದಳು.

ಊರ ಬಾವಿಯ ಬಳಿ ಅಂದಪ್ಪ ನಿಂತ. ಆಲದ ಮರಕ್ಕೆ ಒರಗಿಸಿದ್ದ ಬಿದಿರಿನ ಗಳವನ್ನು ಬಗ್ಗಿಸಿ ನೋಡಿದ. ಕಿರ್ರ್… ಎಂದು ಬಾಗಿ, ಸಟ್ಟನೆ ನೆಟ್ಟಗಾಯಿತು.

"ಅದನ್ನ ಮುಟ್ಟಬ್ಯಾಡ್ರಿ," ಶಾರವ್ವ ಪಿಸುಗುಟ್ಟಿದಳು. "ಹೋದ ಅಮಾಸಿಗೆ ಬಾವಿಗೆ ಬಿದ್ದಳಲ್ಲ, ಆ ಬಸುರಿನ್ನ ಮ್ಯಾಲ ತಗದದ್ದು ಇದ ಗಳದಿಂದ."

"ಯಾರನ್ನ ತಗದೇನಿ ಅಂತ ಗಳಕ್ಕೇನ ಗೊತ್ತು? ನಡಿ ಸುಮ್ನ. ನಿನ್ನ ಕೂಸಿನ ತೊಟ್ಟಿಲಕ್ಕ ಬೇಕು."

ತೊಟ್ಟಿಲಿನ ಕಾಲುಗಳನ್ನು ಕಡೆಯಲು ಅವನು ಪಡಸಾಲೆಯಲ್ಲಿ ತಿರುಗಣಿ ಕಟ್ಟುತ್ತಿದ್ದ. ಎರಡು ಗೂಟಗಳ ನಡುವೆ ಕಟ್ಟಿಗೆ. ಅದಕ್ಕೆ ಸುತ್ತಿದ ಹಗ್ಗ. ಹಗ್ಗದ ಕೆಳತುದಿಗೆ ತುಳಿಯುವ ಹಲಗೆ, ಮೇಲ್ತುದಿಗೆ ಆ ಗಳ. ತುಳಿದರೆ ಕಟ್ಟಿಗೆ ತಿರುಗುವುದು. ಕಾಲೆತ್ತಿದರೆ ಗಳವು ಹಗ್ಗವನ್ನು ಮೇಲಕ್ಕೆ ಸೆಳೆಯುವುದು. ಮರುದಿನ ಸಂಜೆಗೆ ಮೂರು ಕಾಲು ಸಿದ್ಧವಾದವು. ನಾಲ್ಕನೆಯದನ್ನು ತಿರುಗಣಿಯಲ್ಲೇ ಬಿಟ್ಟು ಮಲಗಿದ.

ನಡುರಾತ್ರಿ… ಗಿರ್ರ್… ಟಪ್. ಗಿರ್ರ್… ಟಪ್.

ಶಾರವ್ವ ಗಂಡನ ಕೈಗಾಗಿ ತಡಕಾಡಿದಳು. ಕೈ ಪಕ್ಕದಲ್ಲೇ ಇತ್ತು.

"ಯಾರ್ರಿ ಅದು?"

"ಇಲಿ ಇರಬೇಕು."

"ಇಲಿ ತುಳೀತೈತೇನ್ರಿ?"

ಪಡಸಾಲೆಯಲ್ಲಿ ಹೆರೆದ ಚೂರುಗಳು ಸರ್ರನೆ ಉದುರುತ್ತಿದ್ದವು. ನಡುನಡುವೆ ತೊಟಕ್… ತೊಟಕ್… ನೀರಿನ ಹನಿ. ಅಷ್ಟರಲ್ಲಿ ಶಾರವ್ವನ ಹೊಟ್ಟೆಯಲ್ಲಿ ಕೂಸು ಮಿಸುಕುವುದು ನಿಂತುಹೋಯಿತು.

ಅವಳು ಕತ್ತಲಿಗೆ ಕೈಮುಗಿದಳು. "ಯವ್ವಾ… ತೊಟ್ಟಿಲ ನಿನಗ ಬೇಕಂದ್ರ ಒಯ್ಯಿ. ನಾಕೂ ಕಾಲು ಒಯ್ಯಿ. ನನ್ನ ಕೂಸು ನನಗ ಬಿಡು."

ತಿರುಗಣಿ ನಿಂತಿತು. ಬಹಳ ಹೊತ್ತಿನ ಮೇಲೆ… ಕೂಸು ಒದೆಯಿತು.

ಬೆಳಿಗ್ಗೆ ಬಾಗಿಲಿಗೆ ಹಾಕಿದ ಅಗಳಿ ಹಾಗೆಯೇ ಇತ್ತು. ತೊಟ್ಟಿಲಿನ ಕಾಲು ಒಂದೂ ಇರಲಿಲ್ಲ. ಅಂದಪ್ಪ ಗಳವನ್ನು ಹೊತ್ತೊಯ್ದು ಆಲದ ಮರಕ್ಕೇ ಒರಗಿಸಿ ಬಂದ. ಹುಟ್ಟಿದ ಮಗ ಸೀರೆಯ ಜೋಳಿಗೆಯಲ್ಲಿ ಬೆಳೆದ.

ಇದನ್ನು ಸುಳ್ಳೆನ್ನುವವರು ಶಾರವ್ವನ ಮನೆಗೆ ಹೋಗಿ ನೋಡಬಹುದು. ತಿರುಗಣಿಯ ಆ ತುಳಿಯುವ ಹಲಗೆಯ ಮೇಲೆ ಈಗ ನೀರಿನ ಕೊಡ ಇಡುತ್ತಾರೆ. ಕೊಡ ಸರಿಸಿದರೆ, ಕಾಲುಂಗುರ ಒತ್ತಿ ಒತ್ತಿ ಬಿದ್ದ ಕುಳಿಯೊಂದು ಕಾಣುತ್ತದೆ. ನಾನೇ ಬೆರಳಿಟ್ಟು ನೋಡಿದ್ದೇನೆ. ಶಾರವ್ವನ ಕಾಲುಂಗುರಗಳು ಆ ರಾತ್ರಿ ದೇವರ ಜಗಲಿಯ ಮೇಲಿದ್ದವು.